ನೆಲದ ತುಂಬ ನನ್ನ ಆಧಾರ್

ಮಗ್ಗದ ಷೆಡ್ಡಿನ ಹಳೇ ಕಾಗದಗಳನ್ನು ಪಲ್ಲಡಂನ ರದ್ದಿ ಅಂಗಡಿಗೆ ತೂಕಕ್ಕೆ ಹಾಕಿ ಬಂದೆ. ಮರುದಿನ ವಿಷಯ ಕೇಳಿ ಸೊಸೆ ಹೌಹಾರಿದಳು. "ಅದರಲ್ಲಿ ನಿಮ್ಮ ಆಧಾರ್ ಜೆರಾಕ್ಸ್ ಇತ್ತಲ್ಲ ಮಾವ! ಯಾರಾದ್ರೂ ನಿಮ್ಮ ಹೆಸರಲ್ಲಿ ಸಾಲ ಎತ್ತಿದ್ರೆ?"

ಇತ್ತು. ಯಾವಾಗ ಯಾರು ಕೇಳುತ್ತಾರೋ ಎಂದು ಹತ್ತಾರು ತೆಗೆಸಿ, ಸಹಿಯನ್ನೂ ಹಾಕಿ ಇಡುವುದು ನನ್ನ ಅಭ್ಯಾಸ.

ಅಂಗಡಿಗೆ ಓಡಿದೆ. ಕಟ್ಟು ಆಗಲೇ ಒಂದು ಕೋಳಿ ಫಾರಂಗೆ ಹೋಗಿತ್ತು. ಮರಿಗಳು ಬಂದ ಮೊದಲ ದಿನಗಳಲ್ಲಿ ನೆಲಕ್ಕೆ ಕಾಗದ ಹಾಸಿ, ಅದರ ಮೇಲೆ ಕಾಳಿನ ತೀನಿ ಚೆಲ್ಲುತ್ತಾರೆ.

ಫಾರಂ ನೋಡಿಕೊಳ್ಳುವ ಹೆಂಗಸು, ಈ ತಮಿಳು ಸೀಮೆಯಲ್ಲೂ, ನಮ್ಮ ಕನ್ನಡದವಳೇ. ನನ್ನ ಮುಖ ಕಂಡದ್ದೇ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ನೀವೇನಾ? ಬೆಳಿಗ್ಗೆಯಿಂದ ನಿಮ್ಮನ್ನೇ ನೋಡ್ತಾ ಇದೀನಿ. ಫೋಟೋದಲ್ಲಿ ಯಾಕಣ್ಣಾ ಅಷ್ಟು ಕೋಪ?"

ಒಳಗೆ ನೆಲದ ತುಂಬ ನಾನೇ ಇದ್ದೆ. ನನ್ನ ಮೇಲೆಲ್ಲ ಹಳದಿ ಮರಿಗಳು. ಕುಕ್ಕರಗಾಲಲ್ಲಿ ಕೂತು ಒಂದು ಹಾಳೆ ಎಳೆದೆ. ಮರಿಗಳೂ ಜೊತೆಗೇ ಬಂದವು. ಎರಡು ನನ್ನ ಮೊಣಕಾಲು ಹತ್ತಿದವು, ಒಂದು ಜೇಬಿಗೆ ಇಳಿಯಿತು. ನನಗೆ ನಗು ಬಂತು, ನಿಲ್ಲಿಸಲು ಆಗಲಿಲ್ಲ. ಅವಳೂ ಕಂಬ ಹಿಡಿದುಕೊಂಡು ನಕ್ಕಳು.

"ಬಿಟ್ಟುಬಿಡಿ ಅಣ್ಣಾ, ಮೂರು ದಿನ ಕೊಡಿ. ಆಮೇಲೆ ಇದರಲ್ಲಿ ನಿಮ್ಮ ನಂಬರ್ ಓದೋ ಕಳ್ಳ ಇದ್ರೆ, ನಾನೇ ಅವನಿಗೆ ಕೋಳಿ ಸಾರು ಮಾಡಿ ಹಾಕ್ತೀನಿ."

ನಂಬಲಿಲ್ಲ. ಮೂರನೇ ದಿನ ಹೋಗಿ ನೋಡಿದೆ. ಹೆಸರಿಲ್ಲ, ನಂಬರಿಲ್ಲ, ಸಹಿಯಿಲ್ಲ. ಹಿಕ್ಕೆಯಲ್ಲಿ ನೆನೆದ ಚೂರುಗಳು ಮಾತ್ರ. ಅವನ್ನೂ ನನ್ನೆದುರೇ ಗೊಬ್ಬರದ ಗುಂಡಿಗೆ ಹಾಕಿಸಿದಳು.

ಮನೆಯಲ್ಲಿ ಮಿಕ್ಕಿದ್ದ ಜೆರಾಕ್ಸ್‌ಗಳನ್ನು ಸೊಸೆಯ ಎದುರು ಕೂತು ನಾನೇ ಹರಿದೆ. ಕೋಳಿಮರಿಗಳು ಹರಿದಷ್ಟು ಸಣ್ಣಗೆ ಬರಲಿಲ್ಲ. ವಯಸ್ಸಾಯಿತು.