ಬೋಣಿ ಮಾಡಿದ ಕೈ

ನನ್ನ ತಂಗಿ ತೀರಿಕೊಂಡು ಐದು ತಿಂಗಳಾಯಿತು. ಅಮೆರಿಕದ ಎಡಿಸನ್ನಿನ ಈ ಅಪಾರ್ಟ್‌ಮೆಂಟಿನಲ್ಲಿ ಒಂದು ಕಡೆ ಕೂತು ಒಂದು ಕೆಲಸ ಮುಗಿಸಲು ನನಗೆ ಇನ್ನೂ ಆಗುತ್ತಿಲ್ಲ. ಕುಕ್ಕರ್ ಇಟ್ಟು ಬಟ್ಟೆ ಮಡಚಲು ಹೋಗುತ್ತೇನೆ. ಅದನ್ನು ಅರ್ಧಕ್ಕೆ ಬಿಟ್ಟು ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದು ಮರೆತುಹೋಗುತ್ತದೆ. ಬರೀ ಸಾವಿನ ದುಃಖವಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ಅವಳಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಹೇಳಿರಲಿಲ್ಲ.

ತಂಗಿ ಇದ್ದದ್ದು ಕೆನ್ಯಾದಲ್ಲಿ. ಅವಳ ಗಂಡ ಅಲ್ಲಿನ ಗುಲಾಬಿ ತೋಟವೊಂದರಲ್ಲಿ ಮೇಲ್ವಿಚಾರಕರು. ಮಗಳು ನೈರೋಬಿಯ ಕಾಲೇಜಿಗೆ ಹೋದ ಮೇಲೆ ಅವಳು ಹೊತ್ತು ಕಳೆಯಲು ಮೊಬೈಲಿನಲ್ಲಿ ಅಡುಗೆಯ ವಿಡಿಯೊ ಮಾಡಿ ಹಾಕತೊಡಗಿದಳು. ಅಲ್ಲಿ ಸಿಗುವ ಪದಾರ್ಥಗಳಲ್ಲಿ ನಮ್ಮ ಕಡೆಯ ಅಡುಗೆ. ರಾಗಿಗೆ ಅಲ್ಲಿ ವಿಂಬಿ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಅವಳ ಮೊದಲ ವಿಡಿಯೊದಿಂದ. ಪಕ್ಕದ ಮನೆಯಲ್ಲಿ ಒಬ್ಬ ಕೆನ್ಯಾದ ಹೆಂಗಸು ಇದ್ದರು, ಅದೇ ತೋಟದಲ್ಲಿ ಹೂವಿನ ಕಟ್ಟು ಕಟ್ಟುವ ಕೆಲಸದವರು. ಅವರು ಒಂದು ದಿನ ಮುಸುಕಿನ ಜೋಳದ ಹಿಟ್ಟಿನಲ್ಲಿ ಉಗಾಲಿ ತೊಳಸಿದರು, ಇವಳು ಪಕ್ಕದ ಒಲೆಯಲ್ಲಿ ಮುದ್ದೆ ತೊಳಸಿದಳು. ಆ ವಿಡಿಯೊವನ್ನು ಜನ ತುಂಬಾ ನೋಡಿದರು. ಆಮೇಲೆ ಆ ಹೆಂಗಸು ಆಗಾಗ ಬಂದು, ಏನೇ ಮಾಡಿದರೂ ಕೊನೆಗೆ "ಬಿಸಿ ಬಿಸಿ!" ಎಂದು ಕನ್ನಡದಲ್ಲಿ ಹೇಳಿ ನಗುತ್ತಿದ್ದರು.

ಹೊಸ ವಿಡಿಯೊ ಹಾಕಿದ ಕೂಡಲೇ ತಂಗಿಯ ಫೋನು ಬರುತ್ತಿತ್ತು. "ಅಕ್ಕ, ಬೋಣಿ ಮಾಡೇ, ಮೊದಲು ನೀನೇ ನೋಡು."

ಹಾಸನದಲ್ಲಿ ನಮ್ಮ ಅಪ್ಪನದು ಬಳೆ ಅಂಗಡಿ. ನನ್ನ ಕೈಗುಣ ಒಳ್ಳೆಯದೆಂದು ಅಪ್ಪನ ನಂಬಿಕೆ. ವ್ಯಾಪಾರ ಮಂಕಾದ ದಿನಗಳಲ್ಲಿ ಬೆಳಿಗ್ಗೆ ನನ್ನನ್ನೇ ಅಂಗಡಿಗೆ ಕರೆದು, ತಮ್ಮ ಜೇಬಿನಿಂದಲೇ ದುಡ್ಡು ಕೊಟ್ಟು, ಆ ದುಡ್ಡಿನಲ್ಲಿ ನನ್ನಿಂದ ಒಂದು ಡಜನ್ ಬಳೆ ಕೊಳ್ಳಿಸುತ್ತಿದ್ದರು. ಆಮೇಲೆ ಗಿರಾಕಿಗಳು ಬಂದೇ ಬರುತ್ತಿದ್ದರು. ನನಗೆ ವ್ಯಾಪಾರದ ಬಗ್ಗೆ ಗೊತ್ತಿದ್ದದ್ದು ಅಷ್ಟೇ.

ಎರಡು ವರ್ಷ ಕಳೆದ ಮೇಲೆ ಅವಳ ವಿಡಿಯೊಗಳ ನಡುವೆ ಜಾಹೀರಾತು ಬರತೊಡಗಿತು. ಮೊದಲ ಸಲ ಕೈಗೆ ಬಂದ ಹಣದಲ್ಲಿ ಒಂದು ಮಿಕ್ಸಿ ಕೊಂಡು ನನಗೆ ತೋರಿಸಿದಳು. "ಇದು ನನ್ನ ದುಡ್ಡು ಕಣೆ. ಇವರನ್ನ ಕೇಳ್ಲಿಲ್ಲ, ಯಾರನ್ನೂ ಕೇಳ್ಲಿಲ್ಲ" ಎಂದು ಎರಡು ಸಲ ಹೇಳಿದಳು. ಆಮೇಲೆ, "ಅಕ್ಕ, ಅಮೆರಿಕದಲ್ಲಿ ಕೂತು ನೋಡಿದ್ರೆ ಜಾಸ್ತಿ ಬರುತ್ತಂತೆ. ಇಲ್ಲಿನ ಹತ್ತು ಕಣ್ಣು ಒಂದೇ, ನಿನ್ನ ಒಂದು ಕಣ್ಣು ಒಂದೇ" ಅಂದಳು.

"ನನಗೆ ಎರಡು ಕಣ್ಣಿವೆ."

"ಹಂಗಾದ್ರೆ ಎರಡೂ ಬಿಟ್ಕೊಂಡು ನೋಡು. ನಿದ್ದೆಗಣ್ಣಲ್ಲಿ ನೋಡ್ಬೇಡ."

ಅವಳು ತಮಾಷೆಗೆ ಹೇಳಿದಳು. ನಾನು ಅದನ್ನೇ ಹಿಡಿದುಕೊಂಡೆ. ನನ್ನ ಗಂಡ ಬೆಳಿಗ್ಗೆ ಪಾರ್ಸಿಪನಿಯ ಆಫೀಸಿಗೆ ಡ್ರೈವ್ ಮಾಡಿಕೊಂಡು ಹೋದ ಮೇಲೆ ಟಿವಿ, ಟ್ಯಾಬ್ಲೆಟ್, ಎರಡು ಹಳೆಯ ಫೋನು, ಎಲ್ಲದರಲ್ಲೂ ಅವಳ ವಿಡಿಯೊ ಹಚ್ಚುತ್ತಿದ್ದೆ. ನೋಡಿದರಷ್ಟೇ ಸಾಲದು, ಜಾಹೀರಾತನ್ನು ಒತ್ತಿದರೆ ಇನ್ನೂ ಹೆಚ್ಚು ಬರುತ್ತದೆ ಎಂದು ಯಾರೋ ಹೇಳಿದ್ದರು. ಮನೆಗೆಲಸ ಮಾಡುತ್ತಲೇ ಒತ್ತಿದೆ. ಕಾರ್ ಇನ್ಶೂರೆನ್ಸು, ಹಾಸಿಗೆ, ದಂತವೈದ್ಯರು. ಬಾಡಿಗೆ ಮನೆಯವಳು ನಾನು, ಛಾವಣಿ ರಿಪೇರಿಯ ಜಾಹೀರಾತನ್ನು ಎಷ್ಟು ಸಲ ಒತ್ತಿದೆನೋ ಲೆಕ್ಕವಿಲ್ಲ. ಒಂದು ದಿನ ಇವರು ಬೇಗ ಮನೆಗೆ ಬಂದು ಬಾಗಿಲಲ್ಲೇ ನಿಂತರು. "ಏನೇ ಇದು, ಟಿವಿ ಅಂಗಡಿ ಇಟ್ಟಿದ್ದೀಯಾ? ನಾಲ್ಕು ಕಡೆಯಿಂದ ನಿನ್ನ ತಂಗಿ ಒಗ್ಗರಣೆ ಹಾಕ್ತಿದ್ದಾಳೆ!"

ಇಬ್ಬರೂ ನಕ್ಕೆವು.

ಸ್ವಲ್ಪ ದಿನಕ್ಕೆ ತಂಗಿ ಅಳುತ್ತಾ ಫೋನ್ ಮಾಡಿದಳು. "ಅಕ್ಕ, ದುಡ್ಡು ನಿಲ್ಲಿಸ್ಬಿಟ್ರು. ಯಾರೋ ಬೇಕು ಅಂತ್ಲೇ ಜಾಹೀರಾತು ಒತ್ತಿದ್ದಾರಂತೆ. ಒಂದೇ ಸಮ ಒತ್ತಿದ್ದಾರಂತೆ. ಅದು ಮೋಸವಂತೆ."

ನಾನು ಒಲೆಯ ಮುಂದೆ ನಿಂತಿದ್ದೆ. ಹಿಂದೆ ನಡುಮನೆಯಲ್ಲಿ ಅವಳದೇ ದನಿ ಓಡುತ್ತಿತ್ತು. ಹೋಗಿ ಒಂದೊಂದನ್ನೇ ಆರಿಸಿದೆ.

"ಪಕ್ಕದ ಮನೆಯವಳೇ ಇರ್ಬೇಕು ಕಣೆ" ಅಂದಳು. "ಅವಳ ಫೋನಲ್ಲಿ ಯಾವಾಗ್ಲೂ ನನ್ನ ವಿಡಿಯೊನೇ. ಮೊನ್ನೆ ನಾನೂ ಒಂದು ಚಾನಲ್ ಮಾಡ್ಲಾ ಅಂತ ಕೇಳಿದ್ಲು. ಹೊಟ್ಟೆಕಿಚ್ಚು. ಅಲ್ವಾ?"

ನಾನು "ಇರಬಹುದು" ಅಂದೆ.

ಆ ಒಂದು ಮಾತನ್ನು ಯಾಕೆ ಆಡಿದೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಹೆದರಿದ್ದೆ, ನಿಜ. ನಾಳೆ ಹೇಳಿದರಾಯಿತು ಎಂದೂ ಅಂದುಕೊಂಡಿದ್ದೆ. ಮರುದಿನ ಫೋನ್ ಮಾಡುವ ಹೊತ್ತಿಗೆ ಅವಳು ಆ ಹೆಂಗಸಿನ ಜೊತೆ ಮಾತು ಬಿಟ್ಟಾಗಿತ್ತು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಎಂಟು ತಿಂಗಳು ತಂಗಿ ಒಬ್ಬಳೇ, ಕಾಸು ಹುಟ್ಟದ ವಿಡಿಯೊಗಳನ್ನು ಮಾಡಿದಳು. "ಬಿಸಿ ಬಿಸಿ ಆಂಟಿ ಎಲ್ಲಿ?" ಎಂದು ನೋಡುಗರು ಕೇಳುತ್ತಿದ್ದರು. ಅವಳು ಉತ್ತರ ಬರೆಯಲಿಲ್ಲ. ನಾನು ಪ್ರತಿ ಭಾನುವಾರ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಫೋನ್ ಮಾಡುತ್ತಿದ್ದೆ, ಸಾರಿನ ಪುಡಿಯ ಮಾತಾಡಿ ಇಡುತ್ತಿದ್ದೆ.

ಆಮೇಲೆ ಅವಳಿಗೆ ಮಿದುಳಿನಲ್ಲಿ ರಕ್ತನಾಳ ಒಡೆಯಿತು. ಎರಡೇ ದಿನ. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ನಡೆಯುತ್ತಿದ್ದುದರಿಂದ ದೇಶ ಬಿಟ್ಟು ಹೊರಟರೆ ಮರಳಿ ಬರುವುದು ಖಾತ್ರಿಯಿರಲಿಲ್ಲ. ಎಲ್ಲವನ್ನೂ, ಅಂತ್ಯಕ್ರಿಯೆಯನ್ನೂ, ಫೋನಿನಲ್ಲೇ ನೋಡಿದೆ. ಪಕ್ಕದ ಮನೆಯ ಆ ಹೆಂಗಸು ಗೇಟಿನ ಹೊರಗೆ ನಿಂತಿದ್ದರು. ಯಾರೂ ಅವರನ್ನು ಒಳಗೆ ಕರೆಯಲಿಲ್ಲ.

ಕಳೆದ ತಿಂಗಳು ತಂಗಿಯ ಮಗಳು ಫೋನ್ ಮಾಡಿದಳು. ರಜೆಗೆ ಮನೆಗೆ ಬಂದಿದ್ದಳು. "ದೊಡ್ಡಮ್ಮ, ಅಮ್ಮನ ಚಾನಲ್ ನಾನು ಕಂಟಿನ್ಯೂ ಮಾಡ್ತೀನಿ. ದುಡ್ಡಿಗೆ ಇನ್ನೊಂದು ಸಲ ಅಪ್ಲೈ ಮಾಡ್ಬಹುದು. ಆದ್ರೆ ಏನು ತಪ್ಪಾಯ್ತು, ಯಾರಿಂದ ಆಯ್ತು ಅಂತ ಬರೀಬೇಕು. ನೆಕ್ಸ್ಟ್ ಡೋರ್ ಆಂಟಿ ಅಂತ ಬರೀಲಾ? ಅಮ್ಮ ಹಂಗೇ ಹೇಳ್ತಿದ್ರು."

ಅವಳು ಕೀಲಿ ಒತ್ತುವ ಸದ್ದು ಕೇಳಿಸುತ್ತಿತ್ತು.

"ಬರೀಬೇಡ" ಅಂದೆ. "ಅದು ನಾನು."

ಎಲ್ಲ ಹೇಳಿದೆ. ನಾಲ್ಕು ಪರದೆ, ಛಾವಣಿ ರಿಪೇರಿ, "ಇರಬಹುದು" ಎಂದದ್ದು, ಎಂಟು ತಿಂಗಳು. ಕೀಲಿಯ ಸದ್ದು ನಿಂತಿತು. ಆಮೇಲೆ, "ಜಾಸ್ತಿ ನೋಡಿದ್ದು ಅಮೆರಿಕದಿಂದ ಅಂತ ಇಲ್ಲಿ ತೋರಿಸ್ತಿತ್ತು, ಜಾಹೀರಾತು ಒತ್ತಿದ್ದು ಎಲ್ಲಿಂದ ಅಂತ ಇರ್ಲಿಲ್ಲ. ನಾನು ಯಾವ್ದೋ ರೋಬೋಟ್ ಅಂದ್ಕೊಂಡಿದ್ದೆ" ಅಂದಳು. ನಗಲಿಲ್ಲ. "ಅಮ್ಮ ಹೊಸ ಲೈಟ್ ತಗೊಂಡ್ರು, ದೊಡ್ಡಮ್ಮ. ತಮ್ಮ ವಿಡಿಯೊನೇ ಚೆನ್ನಾಗಿಲ್ಲ ಅಂತ ಅಂದ್ಕೊಳ್ತಿದ್ರು. ನಿಮಗೆ ಗೊತ್ತಾ?"

ನನಗೆ ಗೊತ್ತಿರಲಿಲ್ಲ.

"ಆಂಟಿಗೆ ನಾನು ಹೇಳಲ್ಲ. ನೀವೇ ಹೇಳ್ಬೇಕು" ಎಂದವಳೇ ವಿಡಿಯೊ ಕಾಲ್ ಮಾಡಿ, ಫೋನ್ ಹಿಡಿದು ಪಕ್ಕದ ಮನೆಗೆ ನಡೆದಳು. ಬೇಡ, ನಾಳೆ ಎಂದು ಹೇಳಲು ಬಾಯಿ ತೆರೆದೆ. ಆ ಮಾತು ನನ್ನ ಬಾಯಲ್ಲಿ ಎಷ್ಟು ಸಲ ಬಂದಿತ್ತೆಂದು ನೆನಪಾಗಿ ಸುಮ್ಮನಾದೆ.

ಪರದೆಯ ಮೇಲೆ ಅವರು ಬಂದರು. ವಿಡಿಯೊದಲ್ಲಿ ಕಾಣುತ್ತಿದ್ದಕ್ಕಿಂತ ವಯಸ್ಸಾದವರು. ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ತಪ್ಪು ನನ್ನದು, ನಿಮ್ಮದಲ್ಲ, ತಂಗಿಗೆ ನಾನು ಹೇಳಲಿಲ್ಲ. ಅವರಿಗೆ ಅರ್ಥವಾಯಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಹೊರಟೆ. ಕೈ ಎತ್ತಿ ತಡೆದರು.

ಆಮೇಲೆ ಬೈಯತೊಡಗಿದರು. ಅರ್ಧ ಇಂಗ್ಲಿಷು, ಅರ್ಧ ಅವರ ಭಾಷೆ. ಎಂಟು ತಿಂಗಳು ನಿನ್ನ ತಂಗಿ ನನ್ನ ಬಾಗಿಲ ಮುಂದೆಯೇ ಓಡಾಡಿದಳು, ಮುಖ ತಿರುಗಿಸಿಕೊಂಡು ಓಡಾಡಿದಳು, ನಾನು ಏನು ಮಾಡಿದೆ ಎಂದು ಕೇಳಿದರೆ ಉತ್ತರವಿಲ್ಲ, ಅವಳನ್ನು ಕಡೆಯ ಸಲ ನೋಡಲು ನನಗೆ ಜಾಗವಿರಲಿಲ್ಲ. ಇಷ್ಟು ನನಗೆ ತಿಳಿಯಿತು. ಉಳಿದದ್ದು ತಿಳಿಯಲಿಲ್ಲ, ಆದರೆ ಬೈಗುಳವೆಂದು ತಿಳಿಯುತ್ತಿತ್ತು. ತಂಗಿ ಹೋದಾಗಿನಿಂದ ಎಲ್ಲರೂ ನನ್ನೊಂದಿಗೆ ಮೆಲ್ಲಗೆ ಮಾತಾಡುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಹುಡುಗಿ ಫೋನ್ ಹಿಂದಕ್ಕೆ ತೆಗೆದುಕೊಳ್ಳಲು ಬಂದಾಗ ನಾನೇ, "ಇರಲಿ, ಅವರು ಮುಗಿಸಲಿ" ಅಂದೆ.

ಅವರು ಬೈದು ಮುಗಿಸುವವರೆಗೂ ಫೋನ್ ಹಿಡಿದು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಒಂದು ಹೆಜ್ಜೆಯೂ ಆಚೀಚೆ ಹೋಗಲಿಲ್ಲ.