ಮಗ್ಗದ ತಗ್ಗಿನಲ್ಲಿ ಮಲಗಿದ ಚೀಸು

ಬೆಟಗೇರಿಯ ಓಣಿಯಲ್ಲಿ ಇನ್ನೂ ನಸುಕು. ಗದಗ ಸ್ಟೇಷನ್ನಿನ ಕಡೆ ಯಾವುದೋ ರೈಲು ಕೂಗಿ ಸುಮ್ಮನಾಗಿದೆ. ಅನ್ನವ್ವ ಸೀರೆಯ ನೆರಿಗೆ ಎತ್ತಿಕಟ್ಟಿಕೊಂಡು ತಮ್ಮ ಮನೆಯ ಒಳಕೋಣೆಯ ತಗ್ಗಿಗೆ ಇಳಿಯುತ್ತಿದ್ದಾರೆ. ಸೊಂಟದ ಮಟ್ಟದ ತಗ್ಗು. ಒಂದು ಕಾಲಕ್ಕೆ ಇಲ್ಲಿ ಕೈಮಗ್ಗವಿತ್ತು. ನೇಯುವವರು ನೆಲದ ಅಂಚಿಗೆ ಕೂತು, ಕಾಲು ತಗ್ಗಿಗೆ ಇಳಿಬಿಟ್ಟು ಹಲಗೆ ತುಳಿಯುತ್ತಿದ್ದರು. ಈಗ ಮಗ್ಗವಿಲ್ಲ. ತಗ್ಗಿನ ತಳದಲ್ಲಿ ಹಸಿ ಉಸುಕು, ಉಸುಕಿನಲ್ಲಿ ಕುತ್ತಿಗೆಯವರೆಗೆ ಹೂತ ಎರಡು ಮಣ್ಣಿನ ಹರವಿ, ಹರವಿಯೊಳಗೆ ಬಟ್ಟೆ ಸುತ್ತಿಕೊಂಡು ಮಲಗಿದ ಚೀಸು.

ಹೌದು, ಚೀಸೇ. ಪಿಜ್ಜಾದ ಮೇಲೆ ದಾರದಂತೆ ಎಳೆಯುವ ಮೆತ್ತನೆಯದಲ್ಲ. ಇಟಲಿಯವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಲಿಯಲು ಬಿಟ್ಟು, ಆಮೇಲೆ ತುರಿದು ತಿನ್ನುವ ಗಟ್ಟಿ ಜಾತಿ. ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ನೆಂಟಸ್ತನ ಬೆಳೆಸಿದವರು ಯಾರೋ ನನಗೆ ಗೊತ್ತಿಲ್ಲ. ಬೆಟಗೇರಿಗೂ ಇಟಲಿಗೂ ಬೆಳೆಸಿದವರು ಮಾತ್ರ ಈ ಅನ್ನವ್ವ.

"ಕಾಲ್ಮರಿ ಹೊರಗ ಬಿಟ್ಟು ಬರ್ರಿ. ಸಾವಕಾಶ ಮಾತಾಡ್ರಿ, ಮಲಕೊಂಡೈತಿ" ಎನ್ನುತ್ತಾರೆ ತಗ್ಗಿನೊಳಗಿಂದ.

ನಾನೋ, ವರದಿಗೆಂದು ಬಂದ ದೊಡ್ಡ ಶಾಣ್ಯಾ, ನಿಜವಾಗಿಯೂ ದನಿ ತಗ್ಗಿಸುತ್ತೇನೆ! ಅನ್ನವ್ವ ಬಾಯಿಗೆ ಸೆರಗು ಒತ್ತಿ ನಗುತ್ತಾರೆ. ಆದರೆ ಆ ಕೋಣೆಯಲ್ಲಿ ಜೋರಾಗಿ ಮಾತಾಡಲು ಮನಸ್ಸು ಬರುವುದಿಲ್ಲ ಎಂಬುದೂ ಖರೆ. ಹಸಿ ಮಣ್ಣಿನ ವಾಸನೆ, ಅದರ ಬೆನ್ನಿಗೆ ಕಾಸಿದ ತುಪ್ಪದಂಥ ಇನ್ನೊಂದು ವಾಸನೆ. ಹಂಚಿನ ನಡುವಿನ ಗಾಜಿನಿಂದ ಬೆಳಕು ಇಷ್ಟಿಷ್ಟೇ ಕೆಳಗಿಳಿಯುತ್ತಿದೆ. ಅಲ್ಲಿ ಕೂತರೆ ಎದ್ದಿದ್ದೇನೋ, ಕನಸಿನಲ್ಲಿದ್ದೇನೋ ತಿಳಿಯುವುದಿಲ್ಲ.

ಆದರೆ ಇವತ್ತು ಕನಸು ಕಾಣುತ್ತ ಕೂರುವ ಮುಂಜಾನೆಯಲ್ಲ. ಅಂಗಳದಲ್ಲಿ ಉಸುಕಿನ ಗುಂಪಿ ಬಿದ್ದಿದೆ. ಗಾರೆ ಕೆಲಸದ ಗೌಂಡಿ ದಸ್ತಗೀರಸಾಬ ಬುಟ್ಟಿ, ಸಲಿಕೆ ಪಕ್ಕಕ್ಕಿಟ್ಟು ಚಹಾ ಕುಡಿಯುತ್ತಿದ್ದಾರೆ. ಕಟ್ಟೆಯ ಮೇಲೆ, ಮನೆಗೆ ಬೆನ್ನು ಹಾಕಿ ಕೂತವರು ಅನ್ನವ್ವನ ಗಂಡ ಅಂದಪ್ಪ. ಗೌಂಡಿಯನ್ನು ಕರೆಸಿದವರು ಅವರೇ. ತಗ್ಗು ತುಂಬಿಸಿ ಮೇಲೆ ಫರಸಿ ಕಲ್ಲು ಹಾಸಿಬಿಡುವುದು ಅವರ ಹಟ. ಅನ್ನವ್ವ ಒಂದೇ ಮಾತು ಕೇಳಿದ್ದಾರೆ: ಒಳಗಿರುವ ದೊಡ್ಡ ಚೀಸನ್ನು ಇವತ್ತು ಒಡೆದು ನೋಡೋಣ, ಆಮೇಲೆ ಮುಂದಿನ ಮಾತು.

"ಕೆಟ್ಟಿದ್ರ ಮೊದಲನೇ ಬುಟ್ಟಿ ಉಸುಕು ನಾನ ಸುರಿತೀನಿ ಅಂತ ಹೇಳೇನ್ರಿ. ಚಲೋ ಇದ್ರ ತಗ್ಗಿನ ತಂಟೇಕ ಬರಬ್ಯಾಡ್ರಿ ಅಂದೇನಿ. ಹೂಂ ಅಂದಾರ. ಮಾರಿ ಮಾತ್ರ ಈ ಕಡೆ ಮಾಡವೊಲ್ರು" ಎನ್ನುತ್ತಾರೆ ಅನ್ನವ್ವ. ತಗ್ಗು ಹೋದರೆ ಅವರ ಕಸುಬೂ ಹೋದಂತೆ. ಬೇರೆಲ್ಲಿಡಬೇಕು? ಮೇಲಿನ ಕೋಣೆಗೆ ಹಗಲಿಡೀ ಬಿಸಿಲು; ಮನೆಯ ಫ್ರಿಜ್ಜಿನಲ್ಲಿ ಹಾಲು, ಮೊಸರು, ದ್ವಾಸಿಹಿಟ್ಟಿಗೇ ಜಾಗ ಸಾಲದು.

ಈ ಹುಚ್ಚು ಹತ್ತಿದ್ದು ಮುಂಡರಗಿ ಕಡೆಯ ಒಂದು ಗೆಸ್ಟ್‌ಹೌಸಿನಲ್ಲಿ. ಗಾಳಿಯಂತ್ರದ ಕೆಲಸಕ್ಕೆ ಬಂದ ಎಂಜಿನಿಯರುಗಳಿಗೆ ಅನ್ನವ್ವ ಅಲ್ಲಿ ಅಡುಗೆ ಮಾಡುತ್ತಿದ್ದರು. ಮಗ್ಗದ ಗಳಿಕೆ ಇಳಿಯುತ್ತಿದ್ದ ದಿನಗಳವು. ಹೊರದೇಶದ ಒಬ್ಬ ಸಾಹೇಬರು ಊರಿಗೆ ಹೊರಡುವಾಗ ಒಂದು ತುಂಡು ಚೀಸು ಬಿಟ್ಟುಹೋದರು. ಉಳಿದವರು ಮೂಗು ಮುಚ್ಚಿಕೊಂಡರೆ ಅನ್ನವ್ವ ಮೂಸಿದರು.

"ತುಪ್ಪ ಕಾಸಿದ ಮ್ಯಾಲ ತಳಕ್ಕ ಗಸಿ ಉಳೀತೈತಲ್ರಿ, ಸಣ್ಣವ್ರಿದ್ದಾಗ ಅದಕ್ಕ ಸಕ್ರಿ ಹಾಕ್ಕೊಂಡು ನೆಕ್ಕತಿದ್ವಿ. ಥೇಟ್ ಅದರಂಗ ವಾಸನಿ! ನಮ್ಮವ್ವನ ನೆನಪಾತು. ಹೊಳ್ಳಿ ಪ್ಯಾಟ್ಯಾಗ ಹುಡುಕಿದ್ರ ಅದರ ಕಿಮ್ಮತ್ತು ಕೇಳಿ ಎದಿ ಧಸಕ್ಕಂತು. ಬಂಗಾರದ ಅಂಗಡಿಗೆ ಬಂದೇನೇನು ಅಂದೆ."

ಅಗ್ಗದ ದಾರಿ ಹುಡುಕಿದ್ದು ಹುಬ್ಬಳ್ಳಿಯಲ್ಲಿ. ಹೋಟೆಲುಗಳಿಗೆ ಸರಕು ಹಾಕುವ ಒಬ್ಬ ವ್ಯಾಪಾರಿಯ ಹತ್ತಿರ ದೊಡ್ಡ ಚೀಸು ಕತ್ತರಿಸುವಾಗ ಉದುರಿದ ಚೂರು, ಮೂಲೆ, ಸಿಪ್ಪೆಗಳು ಬಿದ್ದಿರುತ್ತವೆ. ರುಚಿಗೆ ಏನೂ ಕಡಿಮೆಯಿಲ್ಲ, ರೂಪ ಇಲ್ಲ ಅಷ್ಟೆ. ಅನ್ನವ್ವ ಮುಂಜಾನೆಯ ರೈಲಿಗೆ ಹೋಗಿ ಅವನ್ನು ಆರಿಸಿ ತಂದು, ಚೂರುಚೂರಾಗಿ ಮಾರತೊಡಗಿದರು. ಆದರೆ ಮೊದಲು ಡಬ್ಬಿಯ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ ತೋರಿಸಬೇಕು. ಕೆಲವು ಕಡೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪನ್ನು ಹಾಕುತ್ತಾರೆಂದು ಅವರಿಗೆ ಗೊತ್ತು. "ನಮ್ಮ ಮನ್ಯಾಗ ಅದು ನಡಿಯಂಗಿಲ್ಲ. ಚುಕ್ಕಿ ತೋರಸ್ರಿ, ಇಲ್ಲಾ ನಿಮ್ಮ ಚೀಸು ನಿಮಗ ಇರಲಿ ಅಂತೀನಿ" ಎನ್ನುತ್ತಾರೆ.

ಆಮೇಲೆ ಅವರಿಗೊಂದು ಸತ್ಯ ಹೊಳೆಯಿತು. ಬಲಿತ ಚೀಸು ತುಟ್ಟಿ, ಎಳೆಯದು ಅಗ್ಗ. ನಡುವೆ ಇರುವುದು ಬರೀ ತಾಳ್ಮೆ. ತಾಳ್ಮೆಗೆ ಬೆಟಗೇರಿಯಲ್ಲೇನು ಬರಗಾಲವೇ! ಒಂದೊಂದೇ ಎಳೆ ಕೂಡಿಸಿ ಸೀರೆ ಮಾಡಿದ ಮನೆತನ. ಇಟಲಿಯ ರೀತಿಯಲ್ಲಿ ನಮ್ಮ ಕಡೆಯೇ ಮಾಡಿದ ಒಂದು ಎಳೆಯ ಚೀಸನ್ನು, ಬೆಲ್ಲದ ಪೆಂಟೆಯಷ್ಟು ದೊಡ್ಡದನ್ನು, ಇಡಿಯಾಗಿ ತಂದು ಮಗ್ಗದ ತಗ್ಗಿನಲ್ಲಿಟ್ಟರು. ಮಗ್ಗ ಆಗಲೇ ಮಾರಿಹೋಗಿತ್ತು. ಅಂದಪ್ಪ ಗದಗದ ಬಟ್ಟೆ ಅಂಗಡಿಯೊಂದರಲ್ಲಿ ಗಿರಣಿಯ ಬಟ್ಟೆ ಅಳೆದು ಹರಿದುಕೊಡುವ ಕೆಲಸಕ್ಕೆ ಸೇರಿದ್ದರು.

ಎಡವಟ್ಟಾದದ್ದು ಅಲ್ಲೇ. ಬೆಲೆಬಾಳುವುದನ್ನು ಉಟ್ಟ ಬಟ್ಟೆಯಲ್ಲಿ ಸುತ್ತಬಾರದು, ಹೊಸದರಲ್ಲೇ ಸುತ್ತಬೇಕು ಎನ್ನುವುದು ಈ ಮನೆಯ ಪದ್ಧತಿ. ಅಂದಪ್ಪ ತಮ್ಮ ಮಗ್ಗದಿಂದ ಕೊನೆಗೆ ಇಳಿಸಿದ ಬಟ್ಟೆಯನ್ನು ನೀರು ಕೂಡ ಮುಟ್ಟಿಸದೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಹೆಂಡತಿಯ ಹೊಸ ಕಸುಬಿಗೆ ಶುಭವಾಗಲೆಂದು ಅದನ್ನೇ ತೆಗೆದುಕೊಟ್ಟರು. ತಾವೇ ಕೂತು, ಕೂಸಿಗೆ ಕುಂಚಿಗೆ ಕಟ್ಟುವ ಹಾಗೆ ಚೀಸಿಗೆ ಸುತ್ತಿದರು. ನೇಕಾರರ ಹೊಸ ಬಟ್ಟೆಯೆಂದರೆ ಗೊತ್ತಲ್ಲ, ನೂಲಿಗೆ ಹಾಕಿದ ಗಂಜಿ ಅದರ ಮೈತುಂಬ ಇರುತ್ತದೆ. ಮಳೆಗಾಲದ ತಂಪಿಗೆ ಆ ಗಂಜಿ ಹುಳಿಯಿತು, ಬೂಷ್ಟು ಹಿಡಿಯಿತು. ಬೂಷ್ಟು ಚೀಸಿನ ಬಿರುಕಿನೊಳಗೆ ಇಳಿದು ನಡುವಿನವರೆಗೆ ಕಪ್ಪಾಯಿತು. ಇಡೀ ಪೆಂಟೆಯನ್ನು ಎತ್ತಿ ಒಗೆಯಬೇಕಾಯಿತು.

ಕಟ್ಟೆಯ ಮೇಲೆ ಪಕ್ಕ ಕೂತು ಕೇಳಿದರೆ ಅಂದಪ್ಪ ಉಸುಕಿನ ಗುಂಪಿಯ ಕಡೆ ನೋಡುತ್ತಾರೆ. ಆಮೇಲೆ ಮೆಲ್ಲಗೆ ಹೇಳುತ್ತಾರೆ: "ಮಗ್ಗ ಹೋತು, ಆತು, ಮಂದೀದೆಲ್ಲಾ ಹೋಗೈತಿ, ನಂದೂ ಹೋತು. ಆದ್ರ ನಾ ನೇದ ಕಡೀ ಅರಿವಿ, ಅದ ಆಕಿ ಬದುಕು ಕೆಡಸ್ತಲ್ರಿ. ಆ ತಗ್ಗ ನೋಡಿದ್ರ ನನ್ನ ಮಾರಿ ನಾನ ನೋಡಿದಂಗ ಆಗತೈತಿ. ಮುಚ್ಚಿಬಿಟ್ರ ಚಲೋ."

ಫರಸಿಯ ಆಸೆಗೆ ತಗ್ಗು ಮುಚ್ಚುತ್ತಿದ್ದಾರೆಂದು ನಾನು ಎಣಿಸಿದ್ದೆ. ಚೀಸು ಕೆಟ್ಟ ದಿನದಿಂದ ಈ ಮನುಷ್ಯ ಒಳಕೋಣೆಗೆ ಕಾಲಿಟ್ಟಿಲ್ಲವಂತೆ. ಅನ್ನವ್ವ ದೀಪಾವಳಿಯ ಹೊತ್ತಿಗೆ ಮತ್ತೊಂದು ಪೆಂಟೆ ತಂದರು, ತಿಂಗಳೆರಡು ಬಿಟ್ಟು ಇನ್ನೊಂದು ಚಿಕ್ಕದು. ಈ ಸಲ ಮಳೆಗಾಲ ಬಿಟ್ಟು ಚಳಿಗಾಲಕ್ಕೆ ಇಟ್ಟರು. ಶಿವರಾತ್ರಿ ಕಳೆದಿದೆ, ಬಿಸಿಲು ಏರುವ ಮೊದಲೇ ದೊಡ್ಡದನ್ನು ತೆಗೆಯಬೇಕು.

ಗೌಂಡಿಯ ಚಹಾ ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಲಕ್ಷ್ಮೇಶ್ವರದ ಮೊದಲ ಬಸ್ಸು ಹಿಡಿದು ಅಲ್ಮಾಸಬಿ ಬಂದಿದ್ದಾರೆ. ಬಟ್ಟೆ ಹೊಲಿಯುವ ಹೆಂಗಸು, ಅನ್ನವ್ವನ ಹಳೆಯ ಗಿರಾಕಿ. ಒಂದು ಪ್ಲೇಟ್ ಗಿರಮಿಟ್ಟಿನ ರೊಕ್ಕಕ್ಕೆ ಒಂದು ಚೂರು ಒಯ್ಯುತ್ತಾರೆ. ಇಂಥ ಗಿರಾಕಿಗಳು ಶಿರಹಟ್ಟಿಯಲ್ಲೂ ಇದ್ದಾರೆ, ಹರ್ತಿಯಲ್ಲೂ ಇದ್ದಾರೆ. ಅನ್ನವ್ವ ಚೂರನ್ನು ಬೆಣ್ಣೆಕಾಗದದಲ್ಲಿ ಸುತ್ತಿ ಕೊಡುವಾಗ ಗಿರಾಕಿಗೆ ಪಾಠ ತಪ್ಪಿದ್ದಲ್ಲ.

"ಪ್ಲಾಸ್ಟಿಕ್ಕಿನ್ಯಾಗ ಬಿಗದು ಇಡಬ್ಯಾಡ ವಾ, ಬೆವರತೈತಿ. ಉಳ್ಳಾಗಡ್ಡಿ ಬಾಜೂಕ ಇಡಬ್ಯಾಡ, ಅದರ ವಾಸನಿ ಕುಡೀತೈತಿ. ಉಣ್ಣೂಕಿಂತ ಮೊದಲ ಫ್ರಿಜ್ಜಿನಿಂದ ತಗದು ಹೊರಗ ಇಡು, ಥಂಡಿ ಇದ್ದಾಗ ಮೂಕಾಗಿರತೈತಿ. ಸಿಪ್ಪಿ ಒಗದಿ ಅಂದ್ರ ನೋಡು ಮತ್ತ!"

"ಸಿಪ್ಪಿ ಯಾಕ ಒಗೀಲಿ ಅಕ್ಕಾ? ಬ್ಯಾಳಿ ಕುದ್ಯಾಗ ಒಂದು ತುಂಡು ಹಾಕಿದ್ರ ನಮ್ಮನಿಯವ್ರು ಎಸರು ಸುರದುಕೊಂಡು ಕುಡೀತಾರ" ಎನ್ನುತ್ತಾರೆ ಅಲ್ಮಾಸಬಿ.

ನನಗೂ ಬಂತು ಪಾಲು. ಹಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿ, ಅದರ ಮೇಲೆ ಹಳೆಯ ಚೂರೊಂದರ ನಾಲ್ಕು ಎಳೆ ತುರಿ, ಮೇಲೆ ಒಂದು ಚಿಟಿಕೆ ಖಾರ. ಇಷ್ಟೇ ಇಷ್ಟು ಸಾಕು. ಅದೇ ಇದರ ಉಳಿತಾಯ. ತುರಿ ಬಿಸಿಗೆ ಕರಗದೆ, ಬರೀ ಬೆವರಿ ಘಮಘಮಿಸುತ್ತದೆ. ಕಣ್ಣು ತಾನಾಗಿ ಮುಚ್ಚುತ್ತದೆ. ಅಯ್ಯೋ, ವರದಿ ಬರೆಯಲು ಬಂದವನು ಎರಡನೇ ರೊಟ್ಟಿಗೆ ಕೈ ಚಾಚಿದೆನೆಂದು ಯಾರಿಗೂ ಹೇಳಬೇಡಿ.

ಚಹಾ ಮುಗಿಯಿತು. ದಸ್ತಗೀರಸಾಬ ಸಲಿಕೆ ಹಿಡಿದು ಏಳುತ್ತಾರೆ. ಅನ್ನವ್ವ ದೊಡ್ಡ ಪೆಂಟೆಯನ್ನು ಎದೆಗವಚಿ ಮೇಲೆ ತಂದು ಚಾಪೆಯ ಮೇಲಿಡುತ್ತಾರೆ. ಬಟ್ಟೆ ಬಿಚ್ಚುವ ಮೊದಲು ಬೆರಳ ಗಂಟಿನಿಂದ ಕಲ್ಲಂಗಡಿ ಬಡಿದು ನೋಡುವ ಹಾಗೆ ಸುತ್ತಲೂ ಬಡಿಯುತ್ತಾರೆ. ಒಂದೇ ಸಮನೆ ಸದ್ದು, ಎಲ್ಲೂ ಟೊಳ್ಳಿಲ್ಲ. ಬಟ್ಟೆ ಬಿಚ್ಚುತ್ತಾರೆ. ಒಂದು ಬದಿಯಲ್ಲಿ ಕಪ್ಪು ಕಲೆ.

"ಕರ್ರಗ ಕಾಣತೈತಿ" ಎಂದು ಬಾಗಿಲಿಂದ ದನಿ. ಅಂದಪ್ಪ ಯಾವಾಗ ಬಂದು ನಿಂತರೋ! ಹೊಸ್ತಿಲು ದಾಟಿಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಾರೆ.

ಅನ್ನವ್ವ ಮೋಟು ಚೂರಿಯಿಂದ ಕಲೆಯನ್ನು ಹೆರೆಯುತ್ತಾರೆ. ಮೊದಲ ಪದರ ಕಪ್ಪು. ಎರಡನೆಯದು ಬೂದಿ ಬಣ್ಣ. ಅದರ ಕೆಳಗೆ ಸಜ್ಜಕದಂಥ ಹಳದಿ. ಇನ್ನಷ್ಟು ಹೆರೆಯುತ್ತಾರೆ, ಮತ್ತೂ ಹಳದಿ. ಚೂರಿಯ ಮೊನೆ ಊರಿ ತಿರುವಿದರೆ ಪೆಂಟೆ ಎರಡು ಹೋಳಾಗುತ್ತದೆ. ಒಳಗೆ ಎಲ್ಲೂ ಕಪ್ಪಿಲ್ಲ. ಅಲ್ಲಲ್ಲಿ ಬಿಳಿಯ ಸಣ್ಣ ಹರಳು. ಕೋಣೆಯ ತುಂಬ ತುಪ್ಪದ ಗಸಿಯ ವಾಸನೆ.

ಗೌಂಡಿಗೆ ಮೊದಲ ಚೂರು. ದಸ್ತಗೀರಸಾಬ ಬಾಯಿಗೆ ಹಾಕಿ, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ಅಗಿಯುತ್ತಾರೆ. "ಖರೆ ಹೇಳ್ಲೇನು ತಂಗಿ? ಬಾಯಾಗಿದ್ದಾಗ ಇದೇನಪ ಅನಸ್ತು. ನುಂಗಿದ ಮ್ಯಾಲ ಇನ್ನೊಂದು ಬೇಕು ಅನಸಾಕ ಹತ್ತೈತಿ."

ಎಲ್ಲರೂ ನಗುತ್ತಾರೆ, ಅಂದಪ್ಪ ಒಬ್ಬರನ್ನು ಬಿಟ್ಟು. ಅವರು ಚೀಸನ್ನು ನೋಡುತ್ತಲೇ ಇಲ್ಲ. ಚಾಪೆಯ ಮೇಲೆ ಬಿದ್ದ ಬಟ್ಟೆಯನ್ನು ನೋಡುತ್ತಿದ್ದಾರೆ. ಮಾಸಿದ ಹಸಿರು, ಅಂಚಿನಲ್ಲಿ ತೆಳ್ಳಗಾದ ಕೆಂಪು ದಡಿ. ಹೊಸ್ತಿಲು ದಾಟಿ ಬಂದು, ಬಗ್ಗಿ, ಎರಡು ಬೆರಳಿನ ನಡುವೆ ಹಿಡಿದು ತಿಕ್ಕುತ್ತಾರೆ.

"ಇದು ನಾ ನೇದದ್ದಲ್ಲೇನು?"

"ಮತ್ಯಾರು ನೇಯಬೇಕು? ಲಗ್ನದ ಮರುವರ್ಷ ಕೊಟ್ಟಿದ್ರಲ್ಲ, ಆ ಸೀರಿ. ಒಗದು ಒಗದು ಮೆತ್ತಗಾಗೈತಿ. ಗಂಜಿ ಹ್ವಾದ ಮ್ಯಾಲ ನಿಮ್ಮ ಅರಿವಿ ಕೆಡಸಂಗಿಲ್ರಿ, ಕಾಯತೈತಿ" ಎನ್ನುತ್ತಾರೆ ಅನ್ನವ್ವ.

ಅಂದಪ್ಪ ಬಟ್ಟೆಯನ್ನು ಮಡಚಿ ಚಾಪೆಯ ಮೇಲಿಡುತ್ತಾರೆ. ತಗ್ಗಿನ ಕಡೆ ಕೈ ಮಾಡುತ್ತಾರೆ.

"ಆ ಇನ್ನೊಂದು ಹರವ್ಯಾಗ?"

"ಸಣ್ಣದೈತಿ, ಇನ್ನೂ ಎಳೇದು. ದಿನಾ ಮುಂಜಾನಿ ಹೊರಳಿಸಬೇಕು, ಇಲ್ಲಾಂದ್ರ ಒಂದ ಮಗ್ಗಲಾಗ ನೀರ ಹಿಡೀತೈತಿ. ಇವತ್ತಿನ ಗದ್ದಲದಾಗ ಹೊರಳಿಸೂದ ಮರತೇನಿ ನೋಡ್ರಿ."

ಅಂದಪ್ಪ ತಗ್ಗಿನ ಅಂಚಿಗೆ ಹೋಗಿ ಕೂರುತ್ತಾರೆ. ಕಾಲು ಒಳಗೆ ಇಳಿಬಿಡುತ್ತಾರೆ. ಬಗ್ಗಿ ಹರವಿಯೊಳಗೆ ಕೈಹಾಕಿ, ಬಟ್ಟೆ ಸುತ್ತಿದ ಚೀಸನ್ನು ಎರಡೂ ಕೈಯಲ್ಲಿ ಎತ್ತಿ, ಮೆಲ್ಲಗೆ ಮಗ್ಗಲು ಬದಲಿಸಿ ಮಲಗಿಸುತ್ತಾರೆ. ಕೆಲಸ ಮುಗಿದರೂ ಏಳುವುದಿಲ್ಲ. ಗಾಜಿನ ಹಂಚಿನ ಬೆಳಕು ಅವರ ಬೆನ್ನ ಮೇಲಿದೆ. ಕೆಳಗೆ, ಹಲಗೆಗಳಿಲ್ಲದ ಜಾಗದಲ್ಲಿ, ಅವರ ಪಾದಗಳು ಒಂದಾದ ಮೇಲೊಂದು ಒತ್ತುತ್ತಿವೆ. ಎಡ, ಬಲ, ಎಡ, ಬಲ. ಅದು ಅವರಿಗೆ ಗೊತ್ತಿದೆಯೋ ಇಲ್ಲವೋ.

ಹೊರಗಿನಿಂದ ದಸ್ತಗೀರಸಾಬ ಬುಟ್ಟಿ ತುಂಬಿಕೊಂಡು ಬಾಗಿಲಿಗೆ ಬರುತ್ತಾರೆ. "ಅಂದಪ್ಪಣ್ಣ, ಉಸುಕು ಒಳಗ ಹಾಕ್ಲೇನ್ರಿ?"

ಅಂದಪ್ಪನಿಗೆ ಕೇಳಿಸಿಲ್ಲ. ಅನ್ನವ್ವ ಗಂಡನ ಪಾದಗಳನ್ನು ನೋಡುತ್ತಾರೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಗೌಂಡಿಯ ಕಡೆ ತಿರುಗುತ್ತಾರೆ.

"ಬ್ಯಾಡ್ರಿ ದಸ್ತಗೀರಣ್ಣ. ಮಗ್ಗದ ತಗ್ಗಿನ್ಯಾಗ ನಮ್ಮ ಮನಿಯವರು ಕುಂತಾರ."