ಡಾಕ್ಟರು ಕಟ್ಟಿಸಿದ ಟ್ರೇಲರು

ಡಾಕ್ಟರ ಎಡ ಹೆಗಲು ಬಲಕ್ಕಿಂತ ತಗ್ಗಾಗಿತ್ತು. ಅಂಗಿ ಕಳಚಿದರೆ ಕುತ್ತಿಗೆಯ ಕೆಳಗಿನ ಅಡ್ಡ ಎಲುಬಿನ ಮೇಲೆ ಲಿಂಬೆಕಾಯಿಯಷ್ಟು ಗಂಟು ಕಾಣುತ್ತಿತ್ತು. ಮುರಿದ ಆ ಎಲುಬನ್ನು ನೆಟ್ಟಗೆ ಕೂಡಿಕೊಳ್ಳಲು ಅವರೇ ಬಿಡಲಿಲ್ಲ. ಅದರ ಕತೆ ಸಿದ್ದಾಪುರದಲ್ಲಿ ಹಲವರಿಗೆ ಅರ್ಧಂಬರ್ಧ ಗೊತ್ತಿತ್ತು. ಅವರನ್ನೇ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಅವರು ಹಾವೇರಿ ಕಡೆಯಿಂದ ಬಂದು ಪೇಟೆಯಲ್ಲಿ ದವಾಖಾನೆ ತೆರೆದರು. ನಾನು ಅವರ ಕಂಪೌಂಡರ್. ಜೀಪು ಹೊಡೆಯುವವನೂ ನಾನೇ. ಅವರ ಸಿಟ್ಟು ಮೊದಲು ಕೈಗೆ ಬರುತ್ತಿತ್ತು, ಬಾಯಿಗೆ ಆಮೇಲೆ. ಗಾಯಕ್ಕೆ ಸಗಣಿ ಮೆತ್ತಿಕೊಂಡು ಬಂದವನ ಕಪಾಳಕ್ಕೆ ಬಾರಿಸಿಯೇ ಗಾಯ ತೊಳೆಯುತ್ತಿದ್ದರು. ಕತ್ತರಿ, ಇಕ್ಕಳ, ಔಷಧದ ಸೀಸೆ, ಯಾವುದು ಯಾವಾಗ ನನ್ನ ತಲೆಯತ್ತ ಹಾರಿ ಬರುತ್ತದೆಂದು ಹೇಳುವಂತಿರಲಿಲ್ಲ. "ಸತ್ತ ಮ್ಯಾಲೆ ಸಮಾಧಾನ ಹೇಳಾಕ ಭಟ್ರು ಅದಾರ. ಸಾಯೂಕಿಂತ ಮೊದಲ ನಾ ಬೈತೀನಿ" ಎನ್ನುತ್ತಿದ್ದರು.

ಆಗ ಕಾಡಿನಲ್ಲಿ ನಾಟಾ ಕಡಿಯುವ ಕೆಲಸ ಜೋರಾಗಿತ್ತು. ಮರ ಬಿದ್ದು, ದಿಮ್ಮಿ ಉರುಳಿ ಮೈ ಜಜ್ಜಿಹೋದವರು ಎತ್ತಿನ ಗಾಡಿಯಲ್ಲಿ ಪೇಟೆ ಮುಟ್ಟುವಷ್ಟರಲ್ಲಿ ಹೆಣವಾಗಿರುತ್ತಿದ್ದರು. ಮಿಲಿಟರಿ ಹರಾಜಿನಲ್ಲಿ ಕೊಂಡ ನಮ್ಮ ಜೀಪಿನಲ್ಲಿ ಮನುಷ್ಯನನ್ನು ಉದ್ದಕ್ಕೆ ಮಲಗಿಸಲು ಜಾಗವಿರಲಿಲ್ಲ. ಅದಕ್ಕೆ ಡಾಕ್ಟರು ಗುಜರಿ ಲಾರಿಯೊಂದರ ಅಚ್ಚು, ಸ್ಪ್ರಿಂಗು ಪ್ಲೇಟುಗಳನ್ನು ಶಿರಸಿಯಿಂದ ತರಿಸಿ, ತಾವೇ ಮುಂದೆ ನಿಂತು ಜೀಪಿನ ಹಿಂದೆ ಕಟ್ಟುವ ಸಣ್ಣ ಟ್ರೇಲರು ಮಾಡಿಸಿದರು.

ಅದರಲ್ಲಿ ಮೊದಲು ಮಲಗಿದವನು ಹೆಗ್ಗರಣೆ ಕಡೆಯ ಒಬ್ಬ ಕೂಲಿ. ದಿಮ್ಮಿ ಉರುಳಿ ತೊಡೆ, ಸೊಂಟ ಎರಡೂ ಮುರಿದಿದ್ದವು. ಅವನ ಅಣ್ಣ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಟನ್ನುಗಟ್ಟಲೆ ಭಾರ ಹೊರಲೆಂದು ಮಾಡಿದ ಲಾರಿಯ ಸ್ಪ್ರಿಂಗು ಇಬ್ಬರ ತೂಕಕ್ಕೆ ಬಾಗಲೇ ಇಲ್ಲ. ಕಲ್ಲು ಸಿಕ್ಕಿದಲ್ಲೆಲ್ಲ ಟ್ರೇಲರು ನೆಲ ಬಿಟ್ಟು ಎಗರಿ ಬೀಳುತ್ತಿತ್ತು. ಒಂದೊಂದು ಏಟಿಗೂ ಹಿಂದಿನಿಂದ ಚೀರಾಟ. ಒಂದು ತಿರುವಿನಲ್ಲಿ ಚೀರಾಟ ನಿಂತಿತು.

ಡಾಕ್ಟರು ಇಳಿದು ನಾಡಿ ನೋಡಿದರು. "ಮುರಿದ ಎಲುಬು ಕುಣದು ಒಳಗಿನ ರಕ್ತದ ನರ ಹರದಾವ. ಇವನ್ನ ಗಾಡಿ ಕೊಂದೈತಿ. ನಾ ಕಟ್ಟಿಸಿದ ಗಾಡಿ" ಎಂದರು.

"ಉಳಿಸ್ತೆ ಅಂದಿದ್ರಿ! ಗುಡಿಸ್ಲಲ್ಲೇ ಬಿಟ್ಟಿದ್ರೆ ಜೀವ ಇರ್ತಿತ್ತು!" ಎಂದು ಅಣ್ಣ ಕೂಗಿದ. ಜೀಪು ಚಾಲೂ ಮಾಡಲು ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಅವನ ಕೈಗೆ ಸಿಕ್ಕಿತ್ತು. ಬೀಸಿದ ಮೊದಲ ಏಟಿಗೇ ಡಾಕ್ಟರ ಎಡ ಹೆಗಲಿನ ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ನಾನು ಅವನ ಮೇಲೆ ಹಾರಿದೆ.

"ಬಿಡೋ ಅವನ್ನ! ಹೊಡೀಲಿ!"

ಯಾರ ಕೆನ್ನೆಯನ್ನೂ ಬಿಡದ ಮನುಷ್ಯ ಕೈ ಇಳಿಬಿಟ್ಟು ನಿಂತೇ ಇದ್ದರು. ಇನ್ನೊಂದು ಏಟು ಬೆನ್ನಿಗೆ ಬಿತ್ತು, ಮತ್ತೊಂದು ಪಕ್ಕೆಗೆ. ಆಮೇಲೆ ಅವನೇ ಹ್ಯಾಂಡಲ್ ಬಿಸಾಡಿ, ತಮ್ಮನ ಕಾಲು ಹಿಡಿದುಕೊಂಡು ರೋದಿಸತೊಡಗಿದ. ಪೊಲೀಸ್ ಫೌಜದಾರರು ವಿಚಾರಿಸಲು ಬಂದಾಗ ಡಾಕ್ಟರು, "ಜಾರಿ ಬಿದ್ದೀನಿ" ಎಂದು ಹೇಳಿ ಕಳಿಸಿದರು.

ಮರುದಿನ ಎಡಗೈಯನ್ನು ಎದೆಗೆ ಕಟ್ಟಿಕೊಂಡು ಬಂದವರೇ ಬಲಗೈಯಲ್ಲಿ ಸುತ್ತಿಗೆ ಎತ್ತಿ ಟ್ರೇಲರನ್ನು ಬಡಿದರು. ಹಲಗೆ ಸೀಳಿತು, ಕಬ್ಬಿಣದಿಂದ ಕಿಡಿ ಹಾರಿತು. ದಣಿದ ಮೇಲೆ ಅಡಿಗೆ ತೂರಿ ಮಲಗಿ ನೋಡಿದರು. ಪ್ಲೇಟುಗಳಲ್ಲಿ ಅರ್ಧಕ್ಕರ್ಧ ಬಿಚ್ಚಿಸಿದರು. ಮತ್ತೆ ಎದ್ದು ಟ್ರೇಲರಿನೊಳಗೆ ಅಂಗಾತ ಮಲಗಿದರು.

"ಡಾಕ್ಟ್ರೇ, ಅಕ್ಕಿ ಚೀಲ ಹಾಕಿ ನೋಡುವ. ನಿಮ್ಮ ಎಲುಬು ಕೂಡಲಿ" ಎಂದೆ.

"ಚೀಲ ಒದರೂದಿಲ್ಲೋ. ಎಲುಬು ಒದರತೈತಿ. ನಡಿ! ನಿಲ್ಲಿಸಿದ್ರ ಕೊಲ್ತೀನಿ."

ಅದೇ ಹೆಗ್ಗರಣೆಯ ದಾರಿಯಲ್ಲಿ ಜೀಪು ಹೊಡೆದೆ. ಅವರ ಕೂಗಿಗೆ ಗದ್ದೆಯಲ್ಲಿದ್ದವರು ಓಡಿ ಬಂದರು. ಎಗರುವುದೇನೋ ಕಮ್ಮಿಯಾಗಿತ್ತು. ಆದರೆ ವಾಪಸು ಬರುವಾಗ ಕೋವಿ ಹೊಡೆದಂತೆ ಸದ್ದಾಗಿ ಒಂದು ಬದಿಯ ದೊಡ್ಡ ಪ್ಲೇಟು ತುಂಡಾಯಿತು. ಅಚ್ಚು ಪಕ್ಕಕ್ಕೆ ಸರಿದು, ಚಕ್ರ ಹಲಗೆಗೆ ಉಜ್ಜಿ, ಟ್ರೇಲರು ಮಗುಚಿತು. ಡಾಕ್ಟರು ಚರಂಡಿಗೆ ಬಿದ್ದಿದ್ದರು, ಬಾಯಲ್ಲಿ ರಕ್ತ. ಎತ್ತಲು ಹೋದ ನನ್ನನ್ನು ಒದ್ದು ದೂಡಿ ಜೀಪಿನ ಅಡಿಗೆ ತೆವಳಿದರು.

"ಇಲ್ಲಿ ನೋಡು. ಜೀಪಿನ ಸ್ಪ್ರಿಂಗಿಗೆ ಒಂದು ತುದಿ ಬಿಗಿ, ಇನ್ನೊಂದು ತುದಿ ತೂಗಾಡೂ ಕೊಂಡಿಗೆ ಸಿಗಸ್ಯಾರ. ಭಾರ ಬಿದ್ರ ಪ್ಲೇಟು ಚಪ್ಪಟಿ ಆಗತೈತಿ, ಚಪ್ಪಟಿ ಆದ್ರ ಉದ್ದ ಆಗತೈತಿ. ಉದ್ದ ಆಗಾಕ ಜಾಗಾ ಬ್ಯಾಡೇನು? ನಾವು ಎರಡೂ ತುದಿ ಬಿಗದೀವಿ. ಮುರೀದ ಏನ್ ಮಾಡತೈತಿ?"

ಹೊಸ ಪ್ಲೇಟು ಬಂತು, ಎರಡೂ ಬದಿಯ ಸ್ಪ್ರಿಂಗಿನ ಒಂದೊಂದು ತುದಿಗೆ ತೂಗಾಡುವ ಕೊಂಡಿ ಬಂತು. ಅವರು ಮತ್ತೆ ಮಲಗಿದರು, ನಾನು ಮತ್ತೆ ಹೊಡೆದೆ. ಕೂಡುತ್ತಿದ್ದ ಎಲುಬು ಮತ್ತೆ ಬಿಟ್ಟಿತು. ಪ್ಲೇಟು ಒಂದು ಕೂಡಿಸಿ, ಒಂದು ತೆಗೆದು, ನಟ್ಟು ಬಿಗಿದು, ಕೊನೆಗೊಂದು ದಿನ ಆ ಕಲ್ಲುಗಳ ಮೇಲೆ ಹಾಯುವಾಗ ಅವರು ತುಟಿ ಕಚ್ಚಿದರೇ ಹೊರತು ಕೂಗಲಿಲ್ಲ.

ಆ ಟ್ರೇಲರಿನಲ್ಲಿ ಎಷ್ಟೋ ಜನ ಜೀವಂತ ಬಂದರು. ತ್ಯಾಗಲಿ ಹತ್ತಿರ ಬೇಲಿ ಜಗಳದಲ್ಲಿ ಕತ್ತಿಯೇಟು ತಿಂದು ಕರುಳು ಹೊರಬಂದವನನ್ನು ತರುತ್ತಿದ್ದಾಗ, ಕಡಿದವರು ಕತ್ತಿ ಹಿಡಿದೇ ದಾರಿಗೆ ಅಡ್ಡ ನಿಂತರು. ಡಾಕ್ಟರು ಜೀಪಿನಿಂದ ಹಾರಿ ಹ್ಯಾಂಡಲ್ ಬೀಸಿ ಮುಂದಿನವನ ಮೊಣಕೈ ಮುರಿದರು. "ಸಂಜಿಗೆ ದವಾಖಾನಿಗೆ ಬಾ, ಪಟ್ಟಿ ಕಟ್ತೀನಿ! ಈಗ ದಾರಿ ಬಿಡು!" ಅವನು ಬಂದ, ಇವರು ಬಾರಿಸಿ ಕಟ್ಟಿದರು. ಕರುಳಿನವನೂ ಬದುಕಿದ.

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ, ಕೊಡಲಿ ತಾಗಿ ಮೀನಖಂಡ ಸೀಳಿಕೊಂಡವನಿಗೆ ಅವರು ಹೊಲಿಗೆ ಹಾಕುತ್ತಿದ್ದರು. "ಬೆಳಕಿಗೆ ಅಡ್ಡ ನಿಲ್ಲಬ್ಯಾಡ, ಕತ್ತಿಮಗನ..." ಎಂದು ನನ್ನನ್ನು ಬೈಯಲು ತೊಡಗಿದ ಮಾತು ಮುಗಿಯಲಿಲ್ಲ. ರೋಗಿಯ ಕಾಲಿನ ಮೇಲೆಯೇ ಕವುಚಿ ಬಿದ್ದರು. ನೆಲಕ್ಕೆ ಮಲಗಿಸಿ ನಾಡಿ ಹಿಡಿದೆ, ಇರಲಿಲ್ಲ. ಮೇಜಿನ ಮೇಲೆ ರೋಗಿಯ ಕಾಲಿನಿಂದ ರಕ್ತ ಹರಿಯುತ್ತಿತ್ತು.

ಜೀಪಿನ ಹಳೆಯ ಟ್ಯೂಬು ಸೀಳಿ, ಬೆರಳಿನ ಗೆಣ್ಣಿಗೆ ಹೊಡೆದು ಹೊಡೆದು ಅವರು ನನಗೆ ಹೊಲಿಗೆ ಕಲಿಸಿದ್ದರು. ಅವರ ಬೆರಳುಗಳಿಂದ ಸೂಜಿ ಬಿಡಿಸಿಕೊಂಡೆ.

"ಡಾಕ್ಟ್ರಿಗೆ ಎಂತಾತು?" ಎಂದು ರೋಗಿ ಏಳಹೋದ.

"ಮಲಗು! ಅಲುಗಿದ್ರೆ ಹೊಡೀತೆ ನೋಡು" ಎಂದು ಗದರಿದೆ.

ಕೊನೆಯ ಗಂಟು ಹಾಕಿ ನೂಲು ಕತ್ತರಿಸಿದ ಮೇಲೆಯೇ ಅವರ ಪಕ್ಕದಲ್ಲಿ ನೆಲಕ್ಕೆ ಕೂತೆ.